ಮಳೆಗಾಲದ ಕಾಯಶುದ್ಧಿ

ಆಷಾಢದಲ್ಲಿ ಮುನಿಗಳು ವರ್ಷಾಯೋಗವನ್ನು ಸ್ವೀಕರಿಸಿ ಒಂದೆಡೆ ನೆಲೆನಿಲ್ಲುವುದಕ್ಕೆ ಕಾರಣ, ಮಳೆಗೆ ನೆಲದ ತುಂಬ ಹುಟ್ಟಿ ಹರಿದಾಡುವ ಜೀವರಾಶಿ. ಅದೇ ದಿನಗಳಲ್ಲಿ ಗೃಹಸ್ಥರ ಮನೆಗಳಿಗೆ ಶೀತ, ಜ್ವರ, ವಾಂತಿಭೇದಿಗಳೂ ಬರುತ್ತವೆ. ಇವೆರಡನ್ನೂ ಜೋಡಿಸಿ, ನಮ್ಮ ವ್ರತಗಳೆಲ್ಲ ಮೂಲತಃ ಆರೋಗ್ಯಶಾಸ್ತ್ರವೇ ಎಂದು ಹೇಳುವುದುಂಟು. ಕೇಳುವುದಕ್ಕೆ ಹಿತವಾದ ಮಾತು. ಆದರೆ ವಿಚಾರಿಸಿ ನೋಡಬೇಕಾದ ಮಾತು.

ನೀರು ಸೋಸುವುದನ್ನೇ ತೆಗೆದುಕೊಳ್ಳೋಣ. ಶ್ರಾವಕನು ದಪ್ಪ ಬಟ್ಟೆಯನ್ನು ಎರಡು ಪದರ ಮಾಡಿ ನೀರನ್ನು ಸೋಸುತ್ತಾನೆ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ನೀರು ತಂದ ಬಾವಿಗೇ ಮೆಲ್ಲನೆ ಇಳಿಸುತ್ತಾನೆ. ಆರೋಗ್ಯವೊಂದೇ ಉದ್ದೇಶವಾಗಿದ್ದರೆ ಈ ಎರಡನೆಯ ಕ್ರಿಯೆಗೆ ಅರ್ಥವೇ ಇಲ್ಲ. ಬಟ್ಟೆಯನ್ನು ಚರಂಡಿಗೆ ಕೊಡವಿದರೂ ಸಾಕಿತ್ತು. ವ್ರತವಿರುವುದು ಆ ಹಿಂತಿರುಗಿಸುವಿಕೆಯಲ್ಲಿ.

ಆರೋಗ್ಯದ ಲಾಭವೂ ಸುಳ್ಳಲ್ಲ. ಬಾಂಗ್ಲಾದೇಶದ ಮತ್ಲಬ್ ಪ್ರದೇಶದಲ್ಲಿ ಹಳೆಯ ಸೀರೆಯನ್ನು ಹಲವು ಪದರ ಮಡಿಸಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ ಸುಮಾರು ಅರ್ಧದಷ್ಟು ತಗ್ಗಿತೆಂದು 2003ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಕಾಲರಾದ ರೋಗಾಣುಗಳು ನೀರಿನ ಸೂಕ್ಷ್ಮ ಪ್ರಾಣಿಗಳಿಗೆ ಅಂಟಿಕೊಂಡಿರುವುದರಿಂದ ಬಟ್ಟೆಯಲ್ಲಿ ಉಳಿಯುತ್ತವೆ. ಕರ್ನಾಟಕವನ್ನೂ ಕಾಡಿದ್ದ ನಾರುಹುಣ್ಣಿನಿಂದ ಭಾರತವು 2000ದಲ್ಲಿ ಮುಕ್ತವೆಂದು ಘೋಷಿತವಾದುದರಲ್ಲಿಯೂ ಸೋಸುವ ಬಟ್ಟೆಯ ಪಾಲಿದೆ. ಆದರೆ ವಿಷಮಶೀತಜ್ವರದ ಮತ್ತು ಕಾಮಾಲೆಯ ರೋಗಾಣುಗಳು ಬಟ್ಟೆಯನ್ನು ದಾಟಿ ಹೋಗುತ್ತವೆ. ಅದಕ್ಕೆ ಕುದಿಸಲೇಬೇಕು. ಸೋಸಿದ ನೀರಿನ ಮರ್ಯಾದೆ 48 ನಿಮಿಷ, ಕುದಿಸಿದ ನೀರಿನದು 24 ಗಂಟೆ ಎಂಬ ನಮ್ಮ ಪರಂಪರೆಯ ಎಣಿಕೆಯನ್ನು ಮಳೆಗಾಲದಲ್ಲಾದರೂ ಪಾಲಿಸುವ ಮನೆಗಳು ಈಗ ಎಷ್ಟಿವೆ?

ಸೊಳ್ಳೆಯ ವಿಷಯ ಇನ್ನೂ ಸೂಕ್ಷ್ಮ. ಡೆಂಗೆ ಹರಡುವ ಸೊಳ್ಳೆ ಮನೆಯೊಳಗೆ ತೆರೆದಿಟ್ಟ ಶುದ್ಧ ನೀರಿನಲ್ಲೇ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಿ ಹಾರಲು ಸುಮಾರು ಒಂದು ವಾರ ಸಾಕು. ಮರಿಹುಳು ಕಂಡ ಮೇಲೆ ನೀರು ಚೆಲ್ಲುವುದೂ ವಧೆ, ಚೆಲ್ಲದೆ ಬಿಟ್ಟು ಮಗುವಿಗೆ ಜ್ವರ ತರಿಸುವುದೂ ವಧೆ. ತೊಟ್ಟಿಗೆ ಮೊದಲೇ ಮುಚ್ಚಳ ಹಾಕಿದ್ದರೆ ಎರಡೂ ಇರಲಿಲ್ಲ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಮುಂದಿಟ್ಟುದು ಏಕೆಂಬುದು ಇಂತಲ್ಲಿ ತಿಳಿಯುತ್ತದೆ. (ಈ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ. ರಾತ್ರಿಭೋಜನತ್ಯಾಗವು ಡೆಂಗೆಯಿಂದ ಕಾಪಾಡುತ್ತದೆಂದು ಹೇಳಿ ಆ ವ್ರತಕ್ಕೆ ಇಲ್ಲದ ಹಿರಿಮೆಯನ್ನು ಹೊರಿಸುವುದು ಬೇಡ.)

ನನ್ನನ್ನು ಹೆಚ್ಚಾಗಿ ಕಾಡುವ ಪ್ರಶ್ನೆ ಆಹಾರದಾನದ್ದು. ಮುನಿಗಳು ದಿನಕ್ಕೊಮ್ಮೆ, ನಿಂತು, ಕರಪಾತ್ರದಲ್ಲಿ ಆಹಾರವನ್ನೂ ನೀರನ್ನೂ ಸ್ವೀಕರಿಸುವವರು. ಅವರನ್ನು ಬರಮಾಡಿಕೊಳ್ಳುವಾಗ ಮನ, ವಚನ, ಕಾಯಗಳು ಶುದ್ಧವಾಗಿವೆ, ಆಹಾರಜಲಗಳು ಶುದ್ಧವಾಗಿವೆ ಎಂದು ನಾವು ಬಾಯಿಬಿಟ್ಟು ಹೇಳುತ್ತೇವೆ. ಒಂದು ಮನೆಯವರು ಈ ಭಾಗ್ಯಕ್ಕಾಗಿ ವರ್ಷಗಳಿಂದ ಕಾದಿದ್ದಾರೆನ್ನೋಣ. ಆ ದಿನವೇ ಮನೆಯ ಹಿರಿಯಾಕೆಗೆ ಹಿಂದಿನ ರಾತ್ರಿಯಿಂದ ಭೇದಿ. ಸ್ನಾನವಾಗಿದೆ, ಮಡಿಯುಟ್ಟಾಗಿದೆ. ಆಕೆ ಕಾಯಶುದ್ಧಿಯ ಮಾತನ್ನು ಹೇಳಬಹುದೆ?

ಹೇಳಬಾರದೆಂಬುದೇ ನನ್ನ ಅಭಿಪ್ರಾಯ. ದೇಹವು ಸ್ವಭಾವತಃ ಅಶುಚಿಯೆಂದು ಅನುಪ್ರೇಕ್ಷೆಯಲ್ಲಿ ಚಿಂತಿಸುವ ನಾವು, ಸ್ನಾನದಿಂದ ಅದು ಪೂರ್ತಿ ಶುದ್ಧವಾಯಿತೆಂದು ನಂಬುವವರಲ್ಲ. ಹಾಗಾದರೆ ಆ ವಚನದ ಅರ್ಥವೇನು? ನಾನು ಬಲ್ಲಮಟ್ಟಿಗೆ ನನ್ನ ಶರೀರದಿಂದ ತಮಗೆ ಬಾಧೆಯಿಲ್ಲ ಎಂಬ ಅಭಯವೂ ಅದರಲ್ಲಿ ಅಡಗಿದೆ. ತುತ್ತಿನಲ್ಲಿ ಕೂದಲು ಕಂಡರೆ ಮುನಿಗಳಿಗೆ ಅಂತರಾಯ. ಅಂದಿನ ಆಹಾರ ಅಲ್ಲಿಗೇ ನಿಲ್ಲುತ್ತದೆ. ಕಣ್ಣಿಗೆ ಕಾಣದ ರೋಗಾಣುವಿಗೆ ಅಂತಹ ಅಂತರಾಯವಿಲ್ಲ. ತನಗೆ ಭೇದಿಯಾಗಿದೆಯೆಂಬುದನ್ನು ಬಲ್ಲವರು ದಾನಿಯೊಬ್ಬರೇ. ಅಲ್ಲಿ ಸುಮ್ಮನಿರುವುದು ಅಹಿಂಸೆಯ ಜೊತೆಗೆ ಸತ್ಯವನ್ನೂ ಮುರಿಯುತ್ತದೆ. ಮುನಿಗಳು ಮನಬಂದಾಗ ಔಷಧ ಕುಡಿಯಲಾರರು, ಬಾಯಾರಿದರೆ ಎರಡನೆಯ ಸಲ ನೀರನ್ನೂ ಕೇಳಲಾರರು; ನಮಗೆ ಎರಡು ದಿನದಲ್ಲಿ ಇಳಿಯುವ ಭೇದಿ ಅವರಿಗೆ ಪ್ರಾಣಸಂಕಟವಾಗಬಹುದು.

ಹಿಂದೆ ಸರಿದವರ ಪುಣ್ಯಕ್ಕೆ ಕೊರತೆಯಾಗುವುದೆಂಬ ಅಂಜಿಕೆ ಬೇಕಿಲ್ಲ. ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು — ಈ ಮೂರನ್ನೂ ನಮ್ಮ ಶಾಸ್ತ್ರಗಳು ಕರ್ಮಬಂಧದಲ್ಲಿ ಎಣಿಸುತ್ತವೆ. ಹೊಸ್ತಿಲಾಚೆ ಕುಳಿತು ಮನದುಂಬಿ ಅನುಮೋದಿಸಿದ ಅಜ್ಜಿಯೂ ದಾನದಲ್ಲಿ ಭಾಗಿಯೇ. ಆಕೆಯನ್ನು ಯಾರೂ ಹೀನವಾಗಿ ನೋಡದಂತೆ ಎಚ್ಚರ ವಹಿಸುವುದು ಉಳಿದವರ ಕೆಲಸ. ಅವಮಾನದ ಭಯವಿದ್ದಲ್ಲಿ ಯಾರೂ ತಮ್ಮ ಕಾಯಿಲೆಯನ್ನು ಹೇಳಿಕೊಳ್ಳುವುದಿಲ್ಲ.

ಬಸದಿಯ ಭೋಜನಶಾಲೆಗಳಲ್ಲಿ ಇದೇ ಪ್ರಶ್ನೆ ನೂರಾರು ಎಲೆಗಳಿಗೆ ಹರಡುತ್ತದೆ. ವಿಷಮಶೀತಜ್ವರದಿಂದ ಗುಣವಾದವರ ಮಲದಲ್ಲಿ ವಾರಗಟ್ಟಲೆ, ಕೆಲವರಲ್ಲಿ ವರ್ಷಕ್ಕೂ ಮೀರಿ, ರೋಗಾಣು ಉಳಿದಿರುತ್ತದೆ. ಜ್ವರ ಬಿಟ್ಟ ಮರುವಾರವೇ ಅಡುಗೆಯವರನ್ನು ಒಲೆಯ ಮುಂದೆ ನಿಲ್ಲಿಸದೆ, ವೈದ್ಯರು ಒಪ್ಪುವವರೆಗೆ ಸಂಬಳಸಹಿತ ರಜೆ ಕೊಡುವಷ್ಟು ಔದಾರ್ಯವನ್ನು ಟ್ರಸ್ಟುಗಳು ತೋರಬೇಕು. ಕೂಲಿ ಕಳೆದುಕೊಳ್ಳುವ ಭಯವಿರುವವನು ರೋಗವನ್ನು ಮುಚ್ಚಿಡದೆ ಇನ್ನೇನು ಮಾಡಿಯಾನು? ಶೌಚಾಲಯದ ಬಳಿಯೂ ಅಡುಗೆಮನೆಯ ಬಾಗಿಲಲ್ಲೂ ಸಾಬೂನು, ನೀರಿನ ಹಂಡೆಗಳಿಗೆ ಬಿಗಿಯಾದ ಮುಚ್ಚಳ, ನೀರು ತೆಗೆಯಲು ಉದ್ದ ಹಿಡಿಯ ಸೌಟು — ಇವುಗಳ ಖರ್ಚು ಒಂದು ಹೂವಿನ ಅಲಂಕಾರದ್ದಕ್ಕಿಂತ ಕಡಿಮೆಯೇ. ಪರ್ಯೂಷಣಪರ್ವದ ಸಿದ್ಧತೆಯ ಪಟ್ಟಿಯಲ್ಲಿ ಈ ವರ್ಷ ಅವನ್ನೂ ಬರೆದುಕೊಳ್ಳಬಹುದು.