ವಿವಾಹಮಂಟಪದಲ್ಲಿ ವ್ರತಿಯ ಉಡುಪು

ವ್ರತವನ್ನು ಸ್ವೀಕರಿಸುವುದು ಬಸದಿಯಲ್ಲಿ. ಅದರ ಪರೀಕ್ಷೆ ನಡೆಯುವುದು ಬಹುಮಟ್ಟಿಗೆ ಬಂಧುಗಳ ನಡುವೆ. ಉಪವಾಸದ ದಿನ ಹಸಿವನ್ನು ಗೆದ್ದವರೂ ಮದುವೆಯ ದಿನ ‘ನೋಡಿದವರು ಏನೆಂದಾರು’ ಎಂಬ ಅಂಜಿಕೆಗೆ ಸೋಲುವುದುಂಟು. ಆದುದರಿಂದ ಅತಿಥಿಯಾಗಿ ಹೋಗುವವರು ಏನನ್ನು ಉಡಬೇಕೆಂಬುದು ಮೇಲ್ನೋಟಕ್ಕೆ ಅಲ್ಪವಿಷಯವಾದರೂ ಶ್ರಾವಕಧರ್ಮದ ದೃಷ್ಟಿಯಿಂದ ವಿಚಾರಯೋಗ್ಯವಾದುದೇ ಆಗಿದೆ.

ದಶಲಕ್ಷಣ ಪರ್ವದಲ್ಲಿ ಓರ್ವ ಗೃಹಿಣಿಯು ಒಂದು ವರ್ಷ ರೇಷ್ಮೆಯನ್ನು ಉಡುವುದಿಲ್ಲವೆಂದು ನಿಯಮ ಕೈಗೊಂಡಳೆಂದು ಭಾವಿಸಬಹುದು. ಮುಂದಿನ ವೈಶಾಖದಲ್ಲಿ ಅವಳ ಅಣ್ಣನ ಮಗಳಿಗೆ ಮದುವೆ. ವಾಡಿಕೆಯಂತೆ ಅಣ್ಣನು ತಂಗಿಗೆ ಉಡುಗೊರೆಯಾಗಿ ರೇಷ್ಮೆ ಸೀರೆಯನ್ನೇ ತಂದಿದ್ದಾನೆ. ಉಟ್ಟರೆ ವ್ರತಭಂಗ, ಉಡದಿದ್ದರೆ ಅಣ್ಣನಿಗೆ ನೋವು. ಹುಳುವಿನ ಮೇಲೆ ದಯೆ ತೋರಿ ಒಡಹುಟ್ಟಿದವನನ್ನು ನೋಯಿಸುವುದು ಅಹಿಂಸೆಯಾದೀತೆ?

ಮೊದಲು ವಸ್ತುಸ್ಥಿತಿಯನ್ನು ಅರಿಯಬೇಕು. ಗೂಡಿನೊಳಗಿನ ಕೋಶಾವಸ್ಥೆಯ ಜೀವಿಯು ಪತಂಗವಾಗಿ ಹೊರಬಂದರೆ ಗೂಡು ತೂತಾಗಿ ನೂಲಿನ ಎಳೆ ತುಂಡಾಗುತ್ತದೆ. ಎಳೆಯು ಅಖಂಡವಾಗಿರಲೆಂದೇ ಅದು ಹೊರಬರುವ ಮೊದಲೇ ಆವಿಯಿಂದಲೋ ಬಿಸಿಗಾಳಿಯಿಂದಲೋ ಅದನ್ನು ಕೊಲ್ಲುತ್ತಾರೆ. ಬಳಿಕ ಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುತ್ತಾರೆ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಭ್ರಮರ, ಪತಂಗಾದಿಗಳು ನಾಲ್ಕು ಇಂದ್ರಿಯಗಳುಳ್ಳ ತ್ರಸಜೀವಿಗಳೆಂದು ಆಗಮದ ಗಣನೆ.

ಇಲ್ಲಿ ಕೆಲವರು ಆಕ್ಷೇಪಿಸಬಹುದು: ಸೀರೆಯು ನೇಯ್ದು ಮುಗಿದಿದೆ, ಉಡದಿದ್ದ ಮಾತ್ರಕ್ಕೆ ಸತ್ತ ಜೀವಗಳು ಮರಳಿ ಬರುವುವೆ? ಬಾರವು, ನಿಜ. ಆದರೆ ಹಿಂಸೆಯು ಕೃತ, ಕಾರಿತ, ಅನುಮೋದಿತವೆಂದು ಮೂರು ವಿಧ. ಮಂಟಪದಲ್ಲಿ ಹತ್ತು ಜನರ ಮೆಚ್ಚುಗೆ ಪಡೆದ ಸೀರೆಯು ಮತ್ತೊಂದು ಸೀರೆಯ ಆಸೆಯನ್ನು ಬಿತ್ತುತ್ತದೆ. ಉಟ್ಟವರ ಅನುಮೋದನೆ ಅದರಲ್ಲಿ ಸೇರದೆ ಇರದು. ಪತಂಗವು ಹೊರಬಿದ್ದ ಮೇಲೆ ಉಳಿದ ಗೂಡಿನಿಂದ ನೂತ ರೇಷ್ಮೆಯೂ ಇಂದು ದೊರೆಯುತ್ತದೆ, ಅದನ್ನು ಉಡಬಹುದಲ್ಲ ಎಂದು ಇನ್ನು ಕೆಲವರು ಸೂಚಿಸಿಯಾರು. ನಿಯಮ ಕೈಗೊಳ್ಳುವಾಗಲೇ ಹಾಗೆ ಸಂಕಲ್ಪಿಸಿದ್ದರೆ ದೋಷವಿಲ್ಲ. ರೇಷ್ಮೆ ಬೇಡವೆಂದು ಸಂಕಲ್ಪಿಸಿ, ಮದುವೆ ಬಂದಾಗ ಒಳದಾರಿ ಹುಡುಕುವುದು ಮಾತ್ರ ಉತ್ತಮ ಆರ್ಜವಕ್ಕೆ ಸಲ್ಲದು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನ್ನದಂತೆ ಒಮ್ಮೆ ಅನುಭವಿಸಿ ಬಿಡತಕ್ಕುದನ್ನು ಭೋಗವೆಂದೂ, ವಸ್ತ್ರದಂತೆ ಮತ್ತೆ ಮತ್ತೆ ಬಳಸತಕ್ಕುದನ್ನು ಉಪಭೋಗವೆಂದೂ ವಿಂಗಡಿಸಿದ್ದಾರೆ. ಇವೆರಡಕ್ಕೂ ಮಿತಿ ಹಾಕಿಕೊಳ್ಳುವುದೇ ಭೋಗೋಪಭೋಗ ಪರಿಮಾಣ ವ್ರತ. ಅವರು ಹೇಳಿದ ಈ ವ್ರತದ ಐದು ಅತಿಚಾರಗಳಲ್ಲಿ, ಹಿಂದೆ ಅನುಭವಿಸಿದ ಸುಖವನ್ನು ನೆನೆನೆನೆದು ಸವಿಯುವುದೂ ಒಂದು. ಇದು ಗಮನಾರ್ಹ. ಹತ್ತಿಯ ಸೀರೆಯುಟ್ಟು ಮಂಟಪದಲ್ಲಿ ಕುಳಿತು, ಪೆಟ್ಟಿಗೆಯಲ್ಲಿಟ್ಟು ಬಂದ ರೇಷ್ಮೆಯನ್ನೇ ನೆನೆಯುತ್ತ, ಪಕ್ಕದವರ ಸೆರಗಿನ ಜರಿಯನ್ನು ಅಳೆಯುತ್ತಿದ್ದರೆ ಮೈಮೇಲೆ ವ್ರತವಿದೆ, ಮನದಲ್ಲಿಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ಅಪಾಯವೂ ಉಂಟು. ‘ಇವರೆಲ್ಲರೂ ಹಿಂಸೆಯನ್ನು ಉಟ್ಟಿದ್ದಾರೆ, ನಾನೊಬ್ಬಳೇ ಶುದ್ಧಳು’ ಎಂಬ ಭಾವವು ಮೂಡಿದೊಡನೆ ಮಾನಕಷಾಯವು ತಲೆಯೆತ್ತಿತು. ಜರಿಯಂಚಿನ ಗರ್ವವು ಹಲವರ ಕಣ್ಣಿಗೆ ಬೀಳುತ್ತದೆ. ಸರಳತೆಯ ಗರ್ವವು ಯಾರಿಗೂ ಕಾಣದು, ತನಗೂ ಕಾಣದು. ಉತ್ತಮ ಮಾರ್ದವವನ್ನು ಬಿಟ್ಟು ಉಟ್ಟ ಹತ್ತಿಯೂ ಆಡಂಬರವೇ. ಅತಿಥಿಯು ಹೋಗುವುದು ವಧೂವರರಿಗೆ ಶುಭ ಕೋರಲು. ಅತಿವೈಭವದಿಂದಾಗಲಿ ಅತಿದೈನ್ಯದಿಂದಾಗಲಿ ಎಲ್ಲರ ಕಣ್ಣನ್ನು ತನ್ನ ಕಡೆಗೆ ಸೆಳೆಯಲು ಅಲ್ಲ.

ಹಾಗಾದರೆ ಅಣ್ಣನ ನೋವಿಗೆ ಪರಿಹಾರವೇನು? ಸೀರೆ ಕೊಳ್ಳುವ ಮೊದಲೇ ತನ್ನ ನಿಯಮವನ್ನು ಅವನಿಗೆ ತಿಳಿಸುವುದು ಅವಳ ಕರ್ತವ್ಯವಾಗಿತ್ತು. ಸಂಕೋಚದಿಂದ ಮೌನವಾಗಿದ್ದುದೇ ಮೊದಲ ತಪ್ಪು. ಈಗಲೂ ಹೊತ್ತು ಮೀರಿಲ್ಲ. ನಾಲ್ಕು ಜನರ ಮುಂದೆ ತಿರಸ್ಕರಿಸದೆ, ಏಕಾಂತದಲ್ಲಿ, “ಅಣ್ಣಾ, ನಿನ್ನ ಕೈಯಿಂದ ಬಂದ ಸೀರೆಯನ್ನೇ ಉಡುತ್ತೇನೆ, ಇದನ್ನು ಅಂಗಡಿಯಲ್ಲಿ ಕೊಟ್ಟು ಒಂದು ನೂಲಿನ ಸೀರೆ ತಂದುಕೊಡು” ಎಂದರೆ ಉಡುಗೊರೆಯ ಪ್ರೀತಿಯೂ ಉಳಿಯುತ್ತದೆ, ವ್ರತವೂ ಉಳಿಯುತ್ತದೆ. ಅಣ್ಣನಿಗೆ ಆ ಕ್ಷಣ ಮುಖ ಸಣ್ಣದಾಗಬಹುದು. ಅಷ್ಟು ನೋವೂ ಆಗದಂತೆ ಬದುಕಲು ಗೃಹಸ್ಥರಿಗೆ ಅಸಾಧ್ಯ. ಪ್ರಮಾದದಿಂದ ಮಾಡುವ ಪ್ರಾಣಘಾತವೇ ಹಿಂಸೆಯೆಂದು ತತ್ತ್ವಾರ್ಥಸೂತ್ರದ ನಿರೂಪಣೆ. ಎಚ್ಚರದಿಂದ, ಅಕ್ಕರೆಯಿಂದ ಆಡಿದ ಸತ್ಯವು ಆ ಸಾಲಿಗೆ ಸೇರದು.

ಮದುವೆಯ ದಿನ ಆಕೆ ಅಂಚುಳ್ಳ ನೂಲಿನ ಸೀರೆಯನ್ನು ಶುಚಿಯಾಗಿ ಉಟ್ಟು, ಅಣ್ಣನ ಮಗಳ ಪಕ್ಕದಲ್ಲಿ ನಗುನಗುತ್ತ ನಿಲ್ಲಲಿ. ಯಾರಾದರೂ ಕೇಳಿದರೆ “ಒಂದು ನಿಯಮವಿದೆ” ಎಂಬಷ್ಟೇ ಉತ್ತರ ಸಾಕು. ಉಪದೇಶಕ್ಕೆ ಅದು ಸ್ಥಳವಲ್ಲ. ನೋಡಿದ ಕಿರಿಯರಲ್ಲಿ ಒಬ್ಬರ ಮನಸ್ಸಾದರೂ ಆ ನಿಯಮವೇನೆಂದು ವಿಚಾರಿಸಿದರೆ, ಅದು ಆ ಸೀರೆ ಮಾಡಿದ ಧರ್ಮಪ್ರಭಾವನೆ.