ಬೆಂಕಿಯ ಸುತ್ತ ಕೂತವರು

ಗೆಟ್ಟವಾಡಿ ಕಡೆಯಿಂದ ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಹೋಗುವ ನಮ್ಮ ಮಕ್ಕಳಲ್ಲಿ ಕೆಲವರು ಅಲ್ಲಿ ಕನ್ನಡ ಆಡಲು ಹಿಂಜರಿಯುತ್ತಾರೆ. ಚಾಮರಾಜನಗರಕ್ಕೆ ಹೋದರೆ ‘ತಮಿಳುನಾಡಿನವನಾ?’ ಎನ್ನಿಸಿಕೊಳ್ಳುತ್ತಾರೆ. ಕೊರಳಿನ ಶಿಲುಬೆಯನ್ನು ಅಂಗಿಯೊಳಗೆ ಸರಿಸುವವರೂ ಉಂಟು. ಹೀಗೆ ಮುಚ್ಚಿಡುವುದು ಸುಳ್ಳೇ?

ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರ ‘ಸ್ಟಿಗ್ಮಾ’ ಪುಸ್ತಕದಲ್ಲಿ ಕಣ್ಣಿಗೆ ಕಾಣುವ ಕಳಂಕ ಬೇರೆ, ಬಚ್ಚಿಡಬಹುದಾದದ್ದು ಬೇರೆ ಎಂದರು. ಬಚ್ಚಿಟ್ಟವರು ಯಾರಿಗೆ ಹೇಳಲಿ, ಯಾರಿಗೆ ಬೇಡ ಎಂದು ದಿನವಿಡೀ ಲೆಕ್ಕ ಹಾಕುತ್ತಿರಬೇಕು. ಹೊಲಿಗೆ ಮಿಷನ್ನಿಗಿಂತ ಅದೇ ಹೆಚ್ಚು ದಣಿವು.

ಅಂಗಳದಲ್ಲಿ ಸಂತ ಪೇತ್ರರನ್ನೂ ಹಿಡಿದುಕೊಟ್ಟದ್ದು ಅವರ ಗಲಿಲೇಯದ ಮಾತೇ. ಅವರು ಹೆದರಿದ್ದನ್ನು ಪವಿತ್ರ ವಾರದಲ್ಲಿ ಓದುತ್ತೇವೆ; ಹೆದರಿಸಿದವರ ಬಗ್ಗೆ ಪ್ರಸಂಗ ಕೇಳಿದ ನೆನಪಿಲ್ಲ. ಸುಳ್ಳು ಸುಳ್ಳೇ, ಆದರೆ ಕೇಳಿದವರಿಗೂ ಅದರಲ್ಲಿ ಪಾಲಿದೆ. ಪೂಜೆ ಮುಗಿದ ಮೇಲೆ ಹೊಸಬರನ್ನು ‘ನಿಮ್ಮದು ಯಾವ ಜನ?’ ಎಂದು ಮೆಲ್ಲಗೆ ವಿಚಾರಿಸುವ ನಾವೂ ಆ ಬೆಂಕಿಗೆ ಕೈ ಕಾಯಿಸಿಕೊಂಡವರೇ.