ಯಾರೂ ಕೊಡದ ಅಂಕ

2010ರ ಅಕ್ಟೋಬರಿನಲ್ಲಿ ‘ಫಾಲ್‌ಔಟ್: ನ್ಯೂ ವೇಗಸ್’ ಎಂಬ ಆಟ ಪ್ಲೇಸ್ಟೇಷನ್ 3, ಎಕ್ಸ್‌ಬಾಕ್ಸ್ 360 ಮತ್ತು ಕಂಪ್ಯೂಟರುಗಳಿಗೆ ಬಿಡುಗಡೆಯಾಯಿತು. ಕ್ಯಾಲಿಫೋರ್ನಿಯಾದ ಆಬ್ಸಿಡಿಯನ್ ಸಂಸ್ಥೆ ಅದನ್ನು ಸುಮಾರು ಹದಿನೆಂಟು ತಿಂಗಳಲ್ಲಿ ಕಟ್ಟಿತ್ತು; ಪ್ರಕಾಶಕರು ಬೆಥೆಸ್ಡಾ. ಪತ್ರಿಕೆಗಳು ಕೊಟ್ಟ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ಎಂಬ ಜಾಲತಾಣ ಆ ಆಟಕ್ಕೆ ನೂರಕ್ಕೆ 84 ಎಂದು ತೋರಿಸಿತು. 85 ಬಂದರೆ ಮಾತ್ರ ಬೋನಸ್ ಎಂಬ ಕರಾರಿತ್ತು, ಒಂದು ಅಂಕದಿಂದ ಅದು ತಪ್ಪಿಹೋಯಿತು ಎಂದು ಆಬ್ಸಿಡಿಯನ್‌ನ ಕ್ರಿಸ್ ಅವೆಲ್ಲೋನ್ 2012ರಲ್ಲಿ ಬಹಿರಂಗವಾಗಿಯೇ ಹೇಳಿದರು.

ಆ ಒಂದು ಅಂಕ ಕಳೆದವರು ಯಾರು? ಹುಡುಕಿದರೆ ಯಾರೂ ಸಿಗುವುದಿಲ್ಲ. ಕಥೆಯನ್ನೂ ಬರವಣಿಗೆಯನ್ನೂ ಮೆಚ್ಚಿ ಧಾರಾಳವಾಗಿ ಅಂಕ ಕೊಟ್ಟವರು ಇದ್ದರು. ಆಟ ನಡುನಡುವೆ ಕೆಟ್ಟು ನಿಲ್ಲುವುದನ್ನು ಕಂಡು ಬೇಸತ್ತು ಕೆಳಗಿಳಿಸಿದವರೂ ಇದ್ದರು. ಅವರವರ ಅಂಕಕ್ಕೆ ಅವರವರು ಹೊಣೆ. 84ಕ್ಕೆ ಹೊಣೆ ಹೊರುವವರು ಮಾತ್ರ ಯಾರೂ ಇಲ್ಲ. ನನ್ನ ತಕರಾರು ಇರುವುದು ಇಲ್ಲಿ. ಕಲೆಗೆ ಅಂಕ ಕೊಡಲೇಬಾರದು ಎನ್ನುವವರ ಪಕ್ಷ ನನ್ನದಲ್ಲ. ಒಬ್ಬ ಮನುಷ್ಯ ಆಟವನ್ನು ಆಡಿ, ಯೋಚಿಸಿ, ಕೆಳಗೆ ತನ್ನ ಹೆಸರು ಹಾಕಿ ಕೊಟ್ಟ ಅಂಕವೂ ಒಂದು ಮಾತೇ. ಅದನ್ನು ಒಪ್ಪಬಹುದು, ಅದರೊಡನೆ ಜಗಳಕ್ಕಿಳಿಯಬಹುದು. ಸರಾಸರಿ ಯಾರ ಮಾತೂ ಅಲ್ಲ. ಯಾರೂ ಆಡದ ಮಾತನ್ನು ತೀರ್ಪೆಂದು ಒಪ್ಪಿಕೊಂಡು, ದುಡಿದವರ ಕೂಲಿಯನ್ನು ಅದಕ್ಕೆ ಕಟ್ಟಿಹಾಕುವುದು ಅನ್ಯಾಯ.

ಅಂಕದ ಪರವಾಗಿ ಹೇಳಬೇಕಾದ್ದು ಬಹಳ ಇದೆ. ಪ್ಲೇಸ್ಟೇಷನ್ 5ರ ದೊಡ್ಡ ಆಟವೊಂದು ನಮ್ಮಲ್ಲಿ ₹4,999ಕ್ಕೆ ಮಾರಾಟವಾಗಿದೆ. ಪುಸ್ತಕವಾದರೆ ಅಂಗಡಿಯಲ್ಲೇ ನಿಂತು ಎರಡು ಪುಟ ತಿರುವಬಹುದು, ಸಿನಿಮಾ ಹಿಡಿಸದಿದ್ದರೆ ಇನ್ನೂರೋ ಮುನ್ನೂರೋ ಹೋಯಿತು ಎಂದುಕೊಳ್ಳಬಹುದು. ಐದು ಸಾವಿರ ತೆತ್ತು ಡಬ್ಬಿ ಒಡೆಯುವವನಿಗೆ ಮೊದಲೇ ಯಾರಾದರೂ ಖಡಾಖಂಡಿತವಾಗಿ ಹೇಳಬೇಕು. ಅಂಕಕ್ಕೆ ಇನ್ನೊಂದು ಗುಣವೂ ಇದೆ: ಅದನ್ನು ಸವರಿ ಮೆದುಮಾಡಲು ಬರುವುದಿಲ್ಲ. 2007ರಲ್ಲಿ ಗೇಮ್‌ಸ್ಪಾಟ್ ತಾಣದ ಜೆಫ್ ಗರ್ಸ್ಟ್‌ಮನ್ ‘ಕೇನ್ ಅಂಡ್ ಲಿಂಚ್’ ಆಟಕ್ಕೆ ಹತ್ತಕ್ಕೆ 6 ಕೊಟ್ಟರು. ಆಗ ಆ ತಾಣದ ತುಂಬ ಅದೇ ಆಟದ ಜಾಹೀರಾತು. ಸ್ವಲ್ಪ ದಿನಗಳಲ್ಲೇ ಅವರು ಕೆಲಸ ಕಳೆದುಕೊಂಡರು. ಜಾಹೀರಾತುದಾರರ ಒತ್ತಡದ ಸಂಗತಿಯನ್ನು ಆಮೇಲೆ 2012ರಲ್ಲಿ ತಾವೇ ವಿವರಿಸಿದರು. ಅವರು ಬರೀ ಗದ್ಯ ಬರೆದಿದ್ದರೆ ಎರಡು ಒಳ್ಳೆಯ ವಾಕ್ಯಗಳನ್ನು ಹೆಕ್ಕಿ ಜಾಹೀರಾತಿಗೆ ಅಂಟಿಸಿಕೊಳ್ಳಬಹುದಿತ್ತು. 6ನ್ನು ಹಾಗೆ ಹೆಕ್ಕಲಾಗದು. 2015ರಲ್ಲಿ ಅಂಕಗಳನ್ನು ಕೈಬಿಟ್ಟ ಬ್ರಿಟನ್ನಿನ ಯೂರೋಗೇಮರ್ 2023ರಲ್ಲಿ ಐದು ನಕ್ಷತ್ರಗಳ ಪದ್ಧತಿ ಹಿಡಿದು ಮರಳಿತು. ಓದುಗರಿಗೆ ಬೇಕಾದ್ದು ಬೇಕೇ ಬೇಕು.

ಹಾಗಾದರೆ ಹತ್ತು ಜನ ಕೊಟ್ಟ ಅಂಕ ಒಬ್ಬರು ಕೊಟ್ಟದ್ದಕ್ಕಿಂತ ಮೇಲಲ್ಲವೇ? ಸರಾಸರಿಯ ಪರ ವಾದಿಸುವವರ ಗಟ್ಟಿ ಪ್ರಶ್ನೆ ಇದು. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನ ಜಾನುವಾರು ಮೇಳವೊಂದರಲ್ಲಿ ಎತ್ತನ್ನು ಕಡಿದು ಹಸನು ಮಾಡಿದರೆ ಎಷ್ಟು ತೂಗೀತು ಎಂದು ಅಂದಾಜು ಮಾಡುವ ಸ್ಪರ್ಧೆ ನಡೆಯಿತು. ಸುಮಾರು 800 ಜನರ ಚೀಟಿಗಳನ್ನು ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಪರೀಕ್ಷಿಸಿದ. ಅಂದಾಜುಗಳನ್ನು ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬಂದದ್ದು 1,207 ಪೌಂಡ್. ನಿಜವಾದ ತೂಕ 1,198. ಹೆಚ್ಚು ಹೇಳಿದವರ ತಪ್ಪೂ ಕಡಿಮೆ ಹೇಳಿದವರ ತಪ್ಪೂ ಒಂದನ್ನೊಂದು ಹೊಡೆದುಹಾಕಿ, ಸತ್ಯ ನಡುವೆ ಉಳಿಯಿತು. ಗುಂಪಿನ ಬುದ್ಧಿಯ ಮೇಲೆ ನಂಬಿಕೆ ಇಟ್ಟವರು ಇಂದಿಗೂ ಇದನ್ನೇ ಎತ್ತಿ ತೋರಿಸುತ್ತಾರೆ.

ಆದರೆ ಅಲ್ಲಿ ಒಂದು ಎತ್ತಿತ್ತು, ಒಂದು ತಕ್ಕಡಿ ಇತ್ತು. ಜನ ಏನೇ ಅಂದುಕೊಂಡರೂ ತೂಕ ಇದ್ದಷ್ಟೇ ಇತ್ತು. ಆಟಕ್ಕೆ ಅಂಥ ತೂಕ ಎಲ್ಲಿದೆ? ಒಬ್ಬ ವಿಮರ್ಶಕ 9 ಕೊಟ್ಟು ಇನ್ನೊಬ್ಬ 5 ಕೊಟ್ಟಾಗ, ನಿಜವಾದ 7ರಿಂದ ಇಬ್ಬರೂ ಎರಡೆರಡು ಮೆಟ್ಟಿಲು ಆಚೀಚೆ ತಪ್ಪಿದರು ಎಂದು ಹೇಳಲು ನಮಗೆ ಯಾವ ಆಧಾರವೂ ಇಲ್ಲ. ಬಹುಪಾಲು ಸಲ ಇಬ್ಬರೂ ಸರಿಯಾಗಿಯೇ ನೋಡಿರುತ್ತಾರೆ, ಬೇರೆ ಬೇರೆ ಸಂಗತಿಗಳನ್ನು ನೋಡಿರುತ್ತಾರೆ.

ತತ್ವಜ್ಞಾನಿ ಡೇವಿಡ್ ಹ್ಯೂಮ್ 1757ರ ತನ್ನ ಅಭಿರುಚಿಯ ಕುರಿತ ಪ್ರಬಂಧದಲ್ಲಿ ಡಾನ್ ಕ್ವಿಕ್ಸೋಟ್ ಕಾದಂಬರಿಯ ಕಥೆಯೊಂದನ್ನು ಹೇಳುತ್ತಾನೆ. ನಾಯಕನ ಸೇವಕ ಸಾಂಚೋನ ಇಬ್ಬರು ಬಂಧುಗಳನ್ನು ಕರೆದು ದ್ರಾಕ್ಷಾರಸದ ರುಚಿ ನೋಡಿಸುತ್ತಾರೆ. ಚೆನ್ನಾಗಿದೆ, ಆದರೆ ಚರ್ಮದ ವಾಸನೆ ಇದೆ ಎನ್ನುತ್ತಾನೆ ಒಬ್ಬ. ಚೆನ್ನಾಗಿದೆ, ಆದರೆ ಕಬ್ಬಿಣದ ರುಚಿ ಎನ್ನುತ್ತಾನೆ ಇನ್ನೊಬ್ಬ. ಸುತ್ತಲಿದ್ದವರು ಇಬ್ಬರನ್ನೂ ನೋಡಿ ನಗುತ್ತಾರೆ. ಪೀಪಾಯಿ ಬರಿದಾದಾಗ ತಳದಲ್ಲಿ ಚರ್ಮದ ದಾರ ಕಟ್ಟಿದ ಹಳೆಯ ಕೀಲಿಕೈ ಸಿಗುತ್ತದೆ. ರುಚಿ ಬಲ್ಲವರು ವಸ್ತುವಿನಲ್ಲಿ ನಿಜವಾಗಿ ಇರುವುದನ್ನೇ ಹಿಡಿಯುತ್ತಾರೆ ಎಂಬುದು ಹ್ಯೂಮನ ವಾದ. ನನಗೆ ಈ ಕಥೆ ಇನ್ನೊಂದನ್ನೂ ಹೇಳುತ್ತದೆ. ಆ ಇಬ್ಬರಿಂದ ಹತ್ತಕ್ಕೆ ಇಷ್ಟು ಎಂದು ಅಂಕ ಕೇಳಿ ಸರಾಸರಿ ತೆಗೆದಿದ್ದರೆ ‘8’ ಎಂದೋ ಏನೋ ಬರುತ್ತಿತ್ತು. ಚರ್ಮವೂ ಹೋಗುತ್ತಿತ್ತು, ಕಬ್ಬಿಣವೂ ಹೋಗುತ್ತಿತ್ತು. ಪೀಪಾಯಿಯ ತಳ ಹುಡುಕಬೇಕೆಂದು ಯಾರಿಗೂ ಹೊಳೆಯುತ್ತಿರಲಿಲ್ಲ.

ಪ್ಲೇಸ್ಟೇಷನ್ 2ಕ್ಕೆ 2006ರಲ್ಲಿ ಬಂದ ‘ಗಾಡ್ ಹ್ಯಾಂಡ್’ ನನ್ನ ಪಾಲಿಗೆ ಅಂಥ ಪೀಪಾಯಿ. ಕ್ಯಾಪ್‌ಕಾಮ್‌ನ ಕ್ಲೋವರ್ ಸ್ಟುಡಿಯೋದ ಹೊಡೆದಾಟದ ಆಟ, ನಿರ್ದೇಶಕ ಶಿಂಜಿ ಮಿಕಾಮಿ. ಐಜಿಎನ್ ತಾಣದ ವಿಮರ್ಶಕ ಅದಕ್ಕೆ ಹತ್ತಕ್ಕೆ 3 ಕೊಟ್ಟ. ಬೇರೆ ಕೆಲವರು ಮನಸಾರೆ ಹೊಗಳಿದರು. ಮೆಟಾಕ್ರಿಟಿಕ್ 73 ಎಂದಿತು. ಈ ಆಟವನ್ನು ಕೈಗೆತ್ತಿಕೊಂಡವರು ಬಲ್ಲರು, 73 ಎನ್ನುವಂಥ ಸಾಧಾರಣ ಭಾವನೆ ಅದು ಹುಟ್ಟಿಸುವುದೇ ಇಲ್ಲ. ಕ್ಯಾಮೆರಾ ನಾಯಕನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಹಿಂದಿನಿಂದ ಬಂದು ಬಡಿಯುವವರು ಕಾಣುವುದಿಲ್ಲ. ಗೋಡೆ, ಓಣಿ, ಅಂಗಳ ಎಲ್ಲ ಬೋಳು ಬೋಳು. ಬೇರೆ ಆಟಗಳಲ್ಲಿ ಸುತ್ತ ನೋಡಲು ಬಳಸುವ, ನಿಯಂತ್ರಕದ ಬಲಗಡೆಯ ಕಡ್ಡಿ ಇಲ್ಲಿ ಏಟು ತಪ್ಪಿಸಿಕೊಳ್ಳಲಿಕ್ಕೆ: ಮೇಲೆ ತಳ್ಳಿದರೆ ತಲೆ ಬಗ್ಗಿಸಿ ನುಸುಳುತ್ತಾನೆ, ಪಕ್ಕಕ್ಕೆ ತಳ್ಳಿದರೆ ಸರಿಯುತ್ತಾನೆ, ಹಿಂದಕ್ಕೆ ಎಳೆದರೆ ಪಲ್ಟಿ ಹೊಡೆಯುತ್ತಾನೆ. ಯಾವ ಗುದ್ದಿನ ಹಿಂದೆ ಯಾವ ಒದೆ ಬರಬೇಕೆಂದು ನೀವೇ ಪಟ್ಟಿ ಜೋಡಿಸಬೇಕು. ಚೆನ್ನಾಗಿ ಆಡಿದಷ್ಟೂ ಎದುರಾಳಿಗಳು ಗಟ್ಟಿಯಾಗುತ್ತಾ ಹೋಗುತ್ತಾರೆ. ಪರದೆಯ ಮೂಲೆಯ ಅಳತೆಗೋಲು ಒಂದು, ಎರಡು, ಮೂರು ದಾಟಿ ‘ಡೈ’ ಎಂಬಲ್ಲಿಗೆ ಏರುತ್ತದೆ. ನಾಲ್ಕು ಏಟು ತಿಂದರೆ ಮತ್ತೆ ಇಳಿಯುತ್ತದೆ.

3 ಕೊಟ್ಟವನು ಇದನ್ನು ಒರಟು, ಹಳೆಯ ಕಾಲದ್ದು ಎಂದು ತಳ್ಳಿದ್ದರಲ್ಲಿ ಸುಳ್ಳಿಲ್ಲ. ಹೊಗಳಿದವರು ಕಂಡ ಶಿಸ್ತೂ ಅಲ್ಲೇ ಇದೆ. ಎರಡೂ ಒಂದೇ ಗುಣದ ಎರಡು ಅನುಭವಗಳು. ಸೋಲನ್ನು ಕಲಿಕೆಯಾಗಿ ಸವಿಯಬಲ್ಲವನಿಗೆ ಒಂದು, ಒಲ್ಲದವನಿಗೆ ಇನ್ನೊಂದು. ನಾನು ಯಾವ ಬಗೆಯವನು ಎಂಬುದನ್ನು ಆ ಎರಡು ವಿಮರ್ಶೆಗಳನ್ನು ಓದಿದರೆ ತಿಳಿದುಕೊಳ್ಳಬಹುದು. 73ರಿಂದ ತಿಳಿಯುವುದು ಏನೂ ಇಲ್ಲ.

ಅಂಕಗಳ ಅಳತೆಗೋಲಿನ ತೊಂದರೆ ಬೇರೆ. ಮೆಟಾಕ್ರಿಟಿಕ್‌ನಲ್ಲಿ ಸಿನಿಮಾ 61 ಮುಟ್ಟಿದರೆ ಹಸಿರು ಬಣ್ಣ, ಆಟಕ್ಕೆ 75 ಬೇಕು. ಎಸ್ಸೆಸ್ಸೆಲ್ಸಿಯಲ್ಲಿ 35ಕ್ಕೆ ಪಾಸು ಎಂದಿದ್ದ ಕಾಲದಲ್ಲೂ ಮನೆಯಲ್ಲಿ 75ಕ್ಕೆ ಮುಖ ಸಿಂಡರಿಸುತ್ತಿದ್ದರಲ್ಲ, ಹಾಗೆ ಆಟಗಳ ಲೋಕದಲ್ಲಿ ಅಳತೆಗೋಲಿನ ಕೆಳ ಅರ್ಧ ಹೆಚ್ಚುಕಡಿಮೆ ಸತ್ತೇ ಹೋಗಿದೆ. 1996ರಲ್ಲಿ ‘ಸೂಪರ್ ಮಾರಿಯೋ 64’ ಬರುವವರೆಗೆ ಯಾವ ಆಟಕ್ಕೂ 10 ಕೊಡದಿದ್ದ ಎಡ್ಜ್ ಪತ್ರಿಕೆಯ 7ಕ್ಕೂ, ಕಂಡಕಂಡದ್ದಕ್ಕೆ 9 ಹಂಚುವ ತಾಣವೊಂದರ 7ಕ್ಕೂ ಅರ್ಥ ಒಂದೇ ಅಲ್ಲ. ಇವನ್ನು ಒಟ್ಟಿಗೆ ಕಲಸುವಾಗ ಯಾವ ಪತ್ರಿಕೆಗೆ ಎಷ್ಟು ತೂಕ ಕೊಡುತ್ತೇವೆಂದು ಮೆಟಾಕ್ರಿಟಿಕ್ ಹೊರಗೆ ಹೇಳುವುದೂ ಇಲ್ಲ.

ಜಪಾನಿನ ಫಾಮಿತ್ಸು ಪತ್ರಿಕೆಯ ಪದ್ಧತಿ ಇದಕ್ಕಿಂತ ಎಷ್ಟೋ ಮೇಲು. ಒಂದು ಆಟವನ್ನು ನಾಲ್ವರು ಆಡುತ್ತಾರೆ, ನಾಲ್ವರ ಅಂಕವೂ ನಾಲ್ಕು ಮಾತೂ ಅಕ್ಕಪಕ್ಕ ಅಚ್ಚಾಗುತ್ತವೆ. ಒಟ್ಟು 40ಕ್ಕೆ ಎಷ್ಟು ಎಂಬ ಮೊತ್ತ ಇದ್ದರೂ, ಯಾರು ಎಲ್ಲಿ ತಡೆದರು ಎಂಬುದು ಕಣ್ಣಿಗೆ ಬೀಳುತ್ತದೆ. ಮೊದಲ ಬಾರಿ 40ಕ್ಕೆ 40 ಸಿಕ್ಕಿದ್ದು 1998ರ ‘ಜೆಲ್ಡಾ: ಆಕರೀನಾ ಆಫ್ ಟೈಮ್’ಗೆ. ನಿಂಟೆಂಡೋ ಡಿಎಸ್ ಎಂಬ ಅಂಗೈ ಯಂತ್ರದ ‘ನಿಂಟೆಂಡಾಗ್ಸ್’ಗೆ 2005ರಲ್ಲಿ ಪೂರ್ತಿ 40 ಬಂತು; ಪಶ್ಚಿಮದ ವಿಮರ್ಶಕರ ಸರಾಸರಿ 80ರ ಆಸುಪಾಸಿನಲ್ಲಿ ನಿಂತಿತು. ನಾಯಿಮರಿಯ ಹೆಸರನ್ನು ಮೈಕಿನಲ್ಲಿ ಕೂಗಿ ಕಲಿಸುವುದು, ಕಡ್ಡಿಯಿಂದ ಪರದೆ ಸವರಿ ಅದರ ಬೆನ್ನು ನೇವರಿಸುವುದು, ಸಾಬೂನಿನ ಗುಳ್ಳೆಗೆ ಉಫ್ ಎಂದು ಊದುವುದು: ಇದಿಷ್ಟೇ ಆಟ. ಗೆಲ್ಲುವ ಕೊನೆ ಎಂಬುದಿಲ್ಲ. ದಿನಕ್ಕೆ ಕಾಲು ಗಂಟೆಯಂತೆ ತಿಂಗಳುಗಟ್ಟಲೆ ಆಡಲೆಂದು ಮಾಡಿದ್ದನ್ನು ಗಡುವಿನೊಳಗೆ ಒಂದೇ ವಾರದಲ್ಲಿ ಆಡಿ ಮುಗಿಸುವ ವಿಮರ್ಶಕ ಯಾವುದಕ್ಕೆ ಅಂಕ ಕೊಡುತ್ತಾನೆ? ಮಲಗುವ ಮುನ್ನ, ಬಸ್ಸಿನಲ್ಲಿ, ಹತ್ತು ನಿಮಿಷ ತೆರೆದು ಮುಚ್ಚುವ ಅಂಗೈ ಆಟಗಳಿಗೆಲ್ಲ ಈ ಅನ್ಯಾಯ ಆಗಿದೆ ಎಂದೇ ನನ್ನ ಭಾವನೆ.

ಅಂಕ ಯಾವ ಸ್ಥಿತಿಯಲ್ಲಿ ಹುಟ್ಟಿತು ಎಂಬುದನ್ನೂ ಸರಾಸರಿ ನುಂಗಿಬಿಡುತ್ತದೆ. 2020ರ ಡಿಸೆಂಬರಿನಲ್ಲಿ ‘ಸೈಬರ್‌ಪಂಕ್ 2077’ ಬಂದಾಗ ವಿಮರ್ಶಕರಿಗೆ ಮುಂಚೆ ಸಿಕ್ಕಿದ್ದು ಕಂಪ್ಯೂಟರಿನ ಪ್ರತಿ ಮಾತ್ರ. ಮೊದಲ ದಿನಗಳ ಹೊಳೆಯುವ ಅಂಕಗಳನ್ನು ನಂಬಿ ಪ್ಲೇಸ್ಟೇಷನ್ 4ಕ್ಕೆ ಕೊಂಡವರ ಕೈಗೆ ತಡವರಿಸುವ, ಮುರಿದು ಬೀಳುವ ಆಟ ಸಿಕ್ಕಿತು. ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಅಂಗಡಿಯಿಂದಲೇ ಎತ್ತಿಹಾಕಿತು. ಅದೇ ವರ್ಷದ ಜೂನಿನಲ್ಲಿ ‘ದ ಲಾಸ್ಟ್ ಆಫ್ ಅಸ್’ ಎರಡನೇ ಭಾಗ ಬಿಡುಗಡೆಯಾದ ದಿನವೇ, ಮುಗಿಸಲು ಇಪ್ಪತ್ತು ಗಂಟೆ ಮೀರುವ ಆ ಆಟಕ್ಕೆ, ಬಳಕೆದಾರರಿಂದ ರಾಶಿ ರಾಶಿ ಸೊನ್ನೆಗಳು ಬಿದ್ದವು. ಆಮೇಲೆ ಮೆಟಾಕ್ರಿಟಿಕ್ ಬಳಕೆದಾರರ ವಿಮರ್ಶೆಗಳಿಗೆ 36 ಗಂಟೆ ತಡೆ ಹಾಕಿತು. ಆಡದೆ ಕೊಟ್ಟ ಸೊನ್ನೆಯೂ ಆಡಿ ಕೊಟ್ಟ ಸೊನ್ನೆಯೂ ಲೆಕ್ಕದಲ್ಲಿ ಒಂದೇ.

ಸರಾಸರಿ ಪೂರ್ತಿ ನಿಷ್ಪ್ರಯೋಜಕವಲ್ಲ. ನೂರಾರು ಆಟಗಳ ನಡುವೆ ಯಾವುದರ ಹೆಸರನ್ನಾದರೂ ಕೇಳಿಸಿಕೊಳ್ಳಬೇಕು ಎಂದು ತಿಳಿಯಲು ಅದು ಸಾಕು. ನನ್ನ ತಂಗಿಯ ಮಗ ‘ಇದನ್ನ ತಗೊಳ್ಳಲಾ ಮಾವ’ ಎಂದು ಫೋನ್ ಹಿಡಿದು ಬಂದಾಗ ನಾನು ಎಲ್ಲಕ್ಕಿಂತ ಮೇಲಿನ ವಿಮರ್ಶೆಯೊಂದನ್ನೂ ಎಲ್ಲಕ್ಕಿಂತ ಕೆಳಗಿನದೊಂದನ್ನೂ ಅವನಿಂದಲೇ ಓದಿಸುತ್ತೇನೆ. ಒಮ್ಮೆ ಕೆಳಗಿನದನ್ನು ಓದಿ ಅವನೆಂದ: ‘ಬರೀ ನಡೆಯೋದೇ ಆಯ್ತು, ಏನೂ ಆಗಲ್ಲ ಅಂತ ಬೈದಿದ್ದಾರೆ. ನಂಗೆ ನಡೆಯೋದೇ ಇಷ್ಟ.’ ಕೊಂಡ, ಆಡಿದ. ತಾಣಗಳೂ ಪತ್ರಿಕೆಗಳೂ ಹಾಗೇ ಮಾಡಬಹುದು: ದೊಡ್ಡಕ್ಷರದಲ್ಲಿ ಸರಾಸರಿ ಹಾಕುವ ಜಾಗದಲ್ಲಿ ಒಂದಕ್ಕೊಂದು ಅತಿ ದೂರ ನಿಂತ ಎರಡು ವಿಮರ್ಶೆಗಳನ್ನು ಬರೆದವರ ಹೆಸರಿನ ಜೊತೆ ಇಡಬಹುದು.

ಬೋನಸ್ ಕರಾರಿನ ವಿಚಾರ ಮಾತ್ರ ಓದುಗರ ಕೈಯಲ್ಲಿಲ್ಲ, ಪ್ರಕಾಶಕರ ಕೈಯಲ್ಲಿದೆ. ಇದು ಅಮೆರಿಕ, ಜಪಾನಿನವರ ಜಗಳವೆಂದು ನಾವು ಕೈಕಟ್ಟಿ ಕೂರುವಂತಿಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರ್ಯಾಕ್ಟಿವ್ ವರ್ಷಗಟ್ಟಲೆ ವಿದೇಶದ ಕನ್ಸೋಲ್ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟಿತು. 2019ರಲ್ಲಿ ಆಟ ತಯಾರಿಸುವ ರಾಕ್‌ಸ್ಟಾರ್ ಸಂಸ್ಥೆ ಅದನ್ನು ಕೊಂಡಿತು. ಒಂದು ಕಾರಿನ ಬಾಗಿಲನ್ನೋ ಬೀದಿಯ ದೀಪವನ್ನೋ ವಾರಗಟ್ಟಲೆ ತಿದ್ದುವವರು ಈ ಊರಿನಲ್ಲಿ ಈಗಲೂ ಇದ್ದಾರೆ. ಆಟದ ಕಥೆ ಯಾರಿಗೆ ಹಿಡಿಸಿತು, ಯಾರಿಗೆ ಹಿಡಿಸಲಿಲ್ಲ ಎಂಬುದರ ಮೇಲೆ ಅವರ ಹಿಡಿತ ಏನೇನೂ ಇಲ್ಲ. ಎಷ್ಟು ಪ್ರತಿ ಮಾರಾಟವಾಯಿತು, ಒಪ್ಪಿಕೊಂಡ ಕೆಲಸ ಒಪ್ಪಿಕೊಂಡ ದಿನಕ್ಕೆ ಮುಗಿಯಿತೇ ಎಂಬುದಕ್ಕೆ ಲೆಕ್ಕವಿದೆ, ಆ ಲೆಕ್ಕಕ್ಕೆ ಸಹಿ ಹಾಕುವವರೂ ಇದ್ದಾರೆ. ಬೋನಸ್ಸನ್ನು ಅದಕ್ಕೆ ಕಟ್ಟಲಿ.